ತೀರ್ಪಿನಲ್ಲಿ ತಪ್ಪಿರಲಿಲ್ಲ

1292ರಲ್ಲಿ ತೀರ್ಪುಗಾರನಾಗಿದ್ದ ಇಂಗ್ಲೆಂಡಿನ ದೊರೆ ಎಡ್ವರ್ಡ್, ಬ್ರೂಸ್‌ಗೆ ಮೋಸ ಮಾಡಿ ಬೇಲಿಯಲ್‌ನನ್ನು ನೇರ ವಾರಸುದಾರರಿಲ್ಲದೆ ಖಾಲಿಯಾಗಿದ್ದ ಸ್ಕಾಟ್ಲೆಂಡಿನ ಗದ್ದುಗೆಗೆ ಏರಿಸಿದ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಜಾನ್ ಬೇಲಿಯಲ್, ಸ್ಕಾಟ್ಲೆಂಡಿನ ರಾಜವಂಶದ ಹಂಟಿಂಗ್ಡನ್‌ನ ಡೇವಿಡ್‌ನ ಹಿರಿಮಗಳ ಮೊಮ್ಮಗ. ರಾಬರ್ಟ್ ಬ್ರೂಸ್ (ಮುಂದೆ ದೊರೆಯಾದ ಅದೇ ಹೆಸರಿನವನ ಅಜ್ಜ) ಎರಡನೇ ಮಗಳ ಮಗ. ತಾನು ಒಂದು ತಲೆಮಾರು ಹತ್ತಿರದವನು ಅಂತ ಬ್ರೂಸ್ ವಾದಿಸಿದ, ನಿಜ. ಆದರೆ ಹಿರಿಯರ ಸಾಲಿಗೇ ಮೊದಲ ಹಕ್ಕು ಅಲ್ವಾ? ವಿಚಾರಣೆಗೆ ಕೂತ 104 ಜನರಲ್ಲಿ 40 ಜನರನ್ನು ಬ್ರೂಸನೇ ಆರಿಸಿದ್ದ.

ಅನ್ಯಾಯ ಆದದ್ದು ಅದಕ್ಕೂ ಮೊದಲು, 1291ರಲ್ಲಿ, ಗಡಿಯ ಊರು ನಾರಮ್‌ನಲ್ಲಿ. ಎಡ್ವರ್ಡನೇ ಸ್ಕಾಟ್ಲೆಂಡಿನ ಮೇಲೊಡೆಯ ಅಂತ ಹಕ್ಕುದಾರರು ಒಪ್ಪಿಬಿಟ್ಟರು. ಬ್ರೂಸ್ ಕೂಡ! 1296ರಲ್ಲಿ ಎಡ್ವರ್ಡ್ ಬೇಲಿಯಲ್‌ನನ್ನು ಗದ್ದುಗೆಯಿಂದ ಇಳಿಸಿದಾಗ ಅವನ ಮೇಲಂಗಿಯಿಂದ ರಾಜಲಾಂಛನ ಕಿತ್ತುಹಾಕಿದ್ದನ್ನು ಓದಿದಾಗ ಈಗಲೂ ಸಂಕಟವಾಗುತ್ತದೆ. ಅವನೊಬ್ಬನನ್ನೇ 'ಖಾಲಿ ಅಂಗಿ' ಅಂತ ಹಂಗಿಸುವುದು ಸರಿಯಲ್ಲ.