ಪ್ರೀತಿ ಯಾರಿಗೆ, ಅನುಮಾನ ಯಾರ ಮೇಲೆ?

ಹೋದ ಭಾನುವಾರ ದಾವಣಗೆರೆಯಲ್ಲಿ ಸೆಕೆಂಡ್ ಶೋಗೆ ಹೋಗಿದ್ದೆವು, ನಾನು ಮತ್ತು ನನ್ನ ಗೆಳೆಯ. ಅವನ ಮನೆಯವರು ಮೂರು ತಲೆಮಾರಿನಿಂದ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಸಿನಿಮಾ ಹುಚ್ಚು ನನಗಿಂತ ಅವನಿಗೇ ಜಾಸ್ತಿ. ಸಿನಿಮಾದ ಹೆಸರು ಬೇಡ. ಚಿತ್ರದುರ್ಗದಲ್ಲಿ ನಡೆಯುವ ಪ್ರೇಮಕಥೆ, ಜೊತೆಗೊಂದು ಕೊಲೆ. ಕೋಟೆ ಮೇಲೆ ಡ್ರೋನ್ ಹಾರುತ್ತೆ, ಜೋಗಿಮಟ್ಟಿ ಕಡೆ ಗಾಳಿಯಂತ್ರಗಳು ತಿರುಗುತ್ತವೆ, ಕಣ್ಣಿಗೆ ಹಬ್ಬ.

ಅರ್ಧ ಗಂಟೆ ಆಗಿರಬೇಕು. ಟೋಪಿ ಹಾಕಿಕೊಂಡ ಮುಸ್ಲಿಂ ಮೆಕ್ಯಾನಿಕ್ ಒಬ್ಬ ಕೈ ಒರೆಸಿಕೊಳ್ಳುತ್ತಾ ಗ್ಯಾರೇಜಿನಿಂದ ಹೊರಗೆ ಬಂದ, ಅಷ್ಟೇ. ಇನ್ನೂ ಬಾಯಿ ಬಿಟ್ಟಿಲ್ಲ, ಆಗಲೇ ಢುಂ ಅಂತ ಮ್ಯೂಸಿಕ್. ಹಿಂದಿನ ಸಾಲಿನಿಂದ ಯಾರೋ "ಇವ್ನೇ ನೋಡಲೇ ಮಾಡಿರೋದು" ಅಂದರು. ನನ್ನ ಗೆಳೆಯ ಬಾಯಿಗೆ ಹಾಕಲು ಹಿಡಿದಿದ್ದ ಪಾಪ್‌ಕಾರ್ನ್ ವಾಪಸ್ ಪೊಟ್ಟಣಕ್ಕೆ ಹಾಕಿದ. ಇಂಟರ್ವಲ್ ತನಕ ಮತ್ತೆ ಮುಟ್ಟಲಿಲ್ಲ.

ಕೊನೆಗೆ ಕೊಲೆ ಮಾಡಿದವನು ಆ ಮೆಕ್ಯಾನಿಕ್ ಅಲ್ಲ. ಮತ್ತೆ ತೊಂದರೆ ಏನು ಅಂತ ಕೇಳಬಹುದು. ನನ್ನ ತಕರಾರು ಅಲ್ಲೇ ಇದೆ. ಅವನನ್ನು ಕಥೆಗೆ ತಂದಿದ್ದೇ ನಾವು ಅನುಮಾನ ಪಡಲಿ ಅಂತ. ಅವನಿಗೆ ಮನೆ ಇದೆಯಾ, ಯಾರನ್ನಾದರೂ ಇಷ್ಟಪಟ್ಟಿದ್ದನಾ, ಏನೂ ಗೊತ್ತಾಗಲ್ಲ. ಕೆಲಸ ಮುಗೀತು, ಮಾಯ. ಕಪ್ಪಗಿರುವ ವಾಚ್‌ಮನ್, ಕಾಲೆಳೆದು ನಡೆಯುವ ಮುದುಕ, ತಾಂಡಾದಿಂದ ಬಂದ ಮನೆಗೆಲಸದ ಹೆಂಗಸು, ಎಲ್ಲರ ಪಾಡೂ ಇದೇ. ಪ್ರೀತಿ ಮಾತ್ರ ಬೆಳ್ಳಗಿರುವ ಇಬ್ಬರಿಗೆ.

ಇನ್ನು ಮಾತು. ದುರ್ಗದಲ್ಲೇ ಹುಟ್ಟಿ ಬೆಳೆದ ಹುಡುಗಿಯಂತೆ, ಬಾಯಿ ಬಿಟ್ಟರೆ ಬೆಂಗಳೂರು! ನಮ್ಮ "ಐತಿ", "ಬರ್ರಿ" ಕೇಳಿಸಿದ್ದು ಜನರನ್ನು ನಗಿಸೋಕೆ ಇಟ್ಟ ಹೋಟೆಲ್ ಹುಡುಗನ ಬಾಯಲ್ಲಿ ಮಾತ್ರ. ನಮ್ಮಮ್ಮ ಅಪ್ಪ ಜಗಳ ಆಡಿದ್ದು, ಮತ್ತೆ ಒಂದಾಗಿದ್ದು ಎಲ್ಲ ಅದೇ ಮಾತಲ್ಲಿ. ಅದರಲ್ಲಿ ಪ್ರೀತಿ ಹೇಳೋಕೆ ಬರಲ್ವಾ?

ದುರ್ಗ ಅಂದ ಮೇಲೆ ನಾಗರಹಾವು ನೆನಪಾಗದೆ ಇರುತ್ತಾ. ತರಾಸು ಕಾದಂಬರಿಗಳನ್ನು ಇಟ್ಟುಕೊಂಡು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಸಿನಿಮಾ. ಅದರಲ್ಲಿ ಮಾರ್ಗರೆಟ್ ಅನ್ನೋ ಕ್ರಿಶ್ಚಿಯನ್ ಹುಡುಗಿಗೆ ತನ್ನದೇ ಹಟ ಇತ್ತು, ಪ್ರೀತಿ ಇತ್ತು. ಅದೇ ಸಿನಿಮಾದಲ್ಲಿ ಅಂಬರೀಶ್ ಮಾಡಿದ ಜಲೀಲ ಹುಡುಗಿಯನ್ನು ಕಾಡುವ ಪುಂಡ. ನನಗೆ ಇವತ್ತಿಗೂ ತುಂಬಾ ಇಷ್ಟದ ಸಿನಿಮಾ ಅದು, ಆದರೂ ಈಗ ನೋಡಿದರೆ ಎರಡೂ ಕಣ್ಣಿಗೆ ಬೀಳುತ್ತವೆ. 50 ವರ್ಷ ದಾಟಿದೆ. ಜಲೀಲನ ಜಾಗಕ್ಕೆ ಈ ಮೆಕ್ಯಾನಿಕ್ ಬಂದು ನಿಂತಿದ್ದಾನೆ, ಮಾರ್ಗರೆಟ್ ಕಾಣೆಯಾಗಿದ್ದಾಳೆ.

ಮುಸ್ಲಿಂ ಪಾತ್ರ ಕೊಲೆ ಮಾಡಲೇಬಾರದು ಅಂತ ನಾನು ಹೇಳ್ತಿಲ್ಲ. ಮಾಡಲಿ. ಅದೇ ಸಿನಿಮಾದಲ್ಲಿ ಇನ್ನೊಬ್ಬ ಲವರ್ ಆಗಲಿ, ಮತ್ತೊಬ್ಬಳು ಇನ್ಸ್‌ಪೆಕ್ಟರ್ ಆಗಲಿ. ಆಗ ತಾನೇ ಯಾರನ್ನು ನಂಬಬೇಕು ಅಂತ ನಮ್ಮ ತಲೆ ಕೆಡೋದು? ಥ್ರಿಲ್ಲರ್‌ಗೆ ಬೇಕಿರೋದೂ ಅದೇ ಅಲ್ವಾ? ಇಲ್ಲಿ ಇಂಟರ್ವಲ್ ಹೊತ್ತಿಗೆ ಹಿಂದಿನ ಸಾಲಿನವರೇ "ಇಷ್ಟೊಂದು ತೋರಿಸ್ತಿದಾರೆ ಅಂದ್ರೆ ಇವನಲ್ಲ ಬಿಡು" ಅಂತಿದ್ದರು.

ಸಿನಿಮಾ ಬಿಟ್ಟಮೇಲೆ ಬೈಕ್ ಹತ್ತಿರ ನಿಂತು ಗೆಳೆಯ ಒಂದೇ ಮಾತು ಹೇಳಿದ. "ನಮ್ಮ ಆಪಾ ಮದುವೆ ಕಥೆ ನಿಂಗೆ ಗೊತ್ತಲ್ಲಲೇ, ಅದನ್ನ ಯಾರಾದ್ರೂ ತೆಗೀಬೇಕು."

ಗೊತ್ತು. ಆಪಾ ಅಂದರೆ ಅವನ ಅಕ್ಕ. ಭಾವ ಮೂರು ವರ್ಷ ಬೇಕಿಲ್ಲದಿದ್ದರೂ ಮಂಡಕ್ಕಿ ಕೊಳ್ಳೋ ನೆಪದಲ್ಲಿ ಭಟ್ಟಿಗೆ ಬರುತ್ತಿದ್ದರು. ಆಪಾ ತಲೆ ಎತ್ತುತ್ತಿರಲಿಲ್ಲ, ಸುಮ್ನೆ ಸೇರಲ್ಲಿ ಅಳೆದು ಹಾಕುತ್ತಿದ್ದರು. ಲೆಕ್ಕ ಮುಗಿದ ಮೇಲೆ ಒಂದು ಹಿಡಿ ಜಾಸ್ತಿ.