ಬರೀ ಯೂನಿಟ್ ಲೆಕ್ಕ ಅಲ್ಲ

ಕರೆಂಟ್ ಬಳಕೆಯನ್ನು ತಾನೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಬಗ್ಗೆ, 'ಅದು ಕಳಿಸುವುದು ಬರೀ ಯೂನಿಟ್ ಲೆಕ್ಕ, ಅದರಲ್ಲಿ ಗುಟ್ಟೇನಿದೆ' ಅಂತ ಬರೆದಿದ್ದೀರಿ. ತಿಂಗಳಿಗೊಂದು ರೀಡಿಂಗ್ ಆಗಿದ್ದರೆ ಒಪ್ಪುತ್ತಿದ್ದೆ. 15 ನಿಮಿಷಕ್ಕೊಮ್ಮೆ ದಾಖಲಾದರೆ ಕಥೆಯೇ ಬೇರೆ. ನಮ್ಮ ಮನೆಯಲ್ಲಿ ಬೆಳಿಗ್ಗೆ 5.30ಕ್ಕೆ ಗೀಸರ್, ಏಳಕ್ಕೆ ಇಸ್ತ್ರಿ ಪೆಟ್ಟಿಗೆ, ಒಂಬತ್ತರ ಮೇಲೆ ಫ್ರಿಜ್ ಒಂದೇ. ಬೀಗ ಬಿದ್ದಿದೆ ಅಂತ ಯಾರಿಗಾದರೂ ಗೊತ್ತಾಗುತ್ತೆ, ಅಲ್ವಾ? (ಜಾತ್ರೆಗೆ ಊರಿಗೆ ಹೋದ ನಾಲ್ಕು ದಿನವಂತೂ ಕೇಳೋದೇ ಬೇಡ.) ನೆದರ್ಲೆಂಡ್ಸ್ ಸಂಸತ್ತಿನ ಮೇಲ್ಮನೆ 2009ರಲ್ಲಿ ಈ ಮೀಟರ್ ಕಡ್ಡಾಯ ಮಾಡೋದನ್ನು ತಡೆದಿದ್ದು ಸುಮ್ನೆ ಅಲ್ಲ. ಅಮೆರಿಕದ ನೇಪರ್‌ವಿಲ್ ನಗರದ ಸ್ಮಾರ್ಟ್ ಮೀಟರ್ ಪ್ರಕರಣದಲ್ಲಿ, 2018ರಲ್ಲಿ, ಕೋರ್ಟು ಮೀಟರಿಗೆ ಒಪ್ಪಿಗೆ ಕೊಟ್ಟಿತು ನಿಜ. ಆದರೆ ಹೀಗೆ ಮಾಹಿತಿ ತೆಗೆಯೋದು ಮನೆ ಶೋಧ ಮಾಡಿದ ಹಾಗೇ ಅಂತಲೂ ಹೇಳಿತು. ಮೀಟರ್ ಬೇಡ ಅಂತಿಲ್ಲ. ಈ ಲೆಕ್ಕ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ ಅಂತ ಬಿಲ್ಲಿನ ಹಿಂದೆ ಎರಡು ಸಾಲು ಹಾಕಲಿ.