ಕಾಟ ಕೊಟ್ಟವರು ಅದೇ ಕ್ಲಾಸಿನಲ್ಲಿ, ಕಾಟ ತಿಂದವನು ಬೇರೆ ಶಾಲೆಗೆ

ನಿನ್ನೆ ಸಂಜೆಯಿಂದ ಹೊಟ್ಟೆ ಉರಿಯುತ್ತಿದೆ. ಬರೆಯದೆ ಹೋದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಆಗುತ್ತದೆ, ಓದಿ.

ಕೆಲಸ ಮುಗಿಸಿ ನಮ್ಮ ಏರಿಯಾದ ಈಜುಕೊಳಕ್ಕೆ ಹೋಗಿದ್ದೆ. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಇಂಥ ಕೊಳಗಳು ಬಡಾವಣೆ ಬಡಾವಣೆಗೂ ಇವೆ ಅಂತ ಹಿಂದೆಯೇ ಬರೆದಿದ್ದೆನಲ್ಲ. ನೆಲದಡಿಯ ಶಾಖದಿಂದ ಕಾದ ನೀರು. ದೊಡ್ಡ ಕೊಳದ ಪಕ್ಕದಲ್ಲಿ ಇನ್ನೂ ಬಿಸಿ ಇರುವ ಸಣ್ಣ ತೊಟ್ಟಿಗಳು. ತಲೆಯ ಮೇಲೆ ಹಿಮ ಉದುರುತ್ತಿದ್ದರೂ ಜನ ಕುತ್ತಿಗೆವರೆಗೆ ಮುಳುಗಿ ಕೂತು ಹರಟುತ್ತಾರೆ. ನಮ್ಮೂರಿನ ಅರಳಿಕಟ್ಟೆಯ ಮಾತೆಲ್ಲ ಇಲ್ಲಿ ಆ ತೊಟ್ಟಿಯಲ್ಲಿ ನಡೆಯುತ್ತದೆ. ಅಲ್ಲಿ ನಮ್ಮ ಹಿಂದಿನ ಬೀದಿಯ ಹುಡುಗನ ತಾಯಿ ಸಿಕ್ಕರು. ಪೋಲೆಂಡಿನಿಂದ ಬಂದವರು. ಮಗನಿಗೆ ಹನ್ನೊಂದು ವರ್ಷ, ನನ್ನ ಮಗಳ ಕ್ಲಾಸೇ. ಹೇಗಿದ್ದಾನೆ ಅಂತ ಕೇಳಿದೆ. "ಸೋಮವಾರದಿಂದ ಬೇರೆ ಶಾಲೆಗೆ ಹೋಗುತ್ತಾನೆ. ಅವನಿಗೆ ಅದೇ ಒಳ್ಳೆಯದಂತೆ" ಅಂದರು. ಹಾಗಂತ ಯಾರು ಹೇಳಿದ್ದು ಅಂದರೆ, "ಎಲ್ಲರೂ" ಅಂದರು.

ಎಲ್ಲರೂ ಅಂತೆ! ಆ ಹುಡುಗನನ್ನು ಒಂದೂವರೆ ವರ್ಷದಿಂದ ಗೋಳು ಹುಯ್ದುಕೊಂಡ ಮೂವರು ಹುಡುಗರು ಸೋಮವಾರ ಅದೇ ಬೆಂಚಿನಲ್ಲಿ ಕೂರುತ್ತಾರೆ. ಅದೇ ಮೈದಾನ, ಅದೇ ಟೀಚರ್, ಅದೇ ಊಟದ ಟೇಬಲ್ಲು. ಬದಲಾಗುವುದು ಇವನ ಜೀವನ ಮಾತ್ರ. ಇವನು ಹೊಸ ಬಸ್ಸು ಹಿಡಿಯಬೇಕು, ಹೊಸ ಮುಖಗಳಿಗೆ ಹೊಂದಿಕೊಳ್ಳಬೇಕು. ತಪ್ಪು ಮಾಡಿದವರು ಅಲ್ಲೇ, ತಪ್ಪೇ ಮಾಡದವನು ಹೊರಗೆ. ಇದು ಯಾವ ನ್ಯಾಯ?

ಏನು ಮಾಡಿದ್ದರು ಅಂತ ಕೇಳಿ. ಯಾರೂ ಹೊಡೆದಿಲ್ಲ, ರಕ್ತ ಬಂದಿಲ್ಲ. ಇಲ್ಲಿ ಮಕ್ಕಳು ಶಾಲೆಯ ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಒಳಗೆ ಹೋಗಬೇಕು. ದಪ್ಪ ಜಾಕೆಟ್ಟು, ಟೋಪಿ, ಕೈಗವಸು ಎಲ್ಲ ಅಲ್ಲೇ ಗೂಟಕ್ಕೆ. ಬಿಡುವಿನ ವೇಳೆ ಗಾಳಿ ಇರಲಿ, ಹಿಮ ಇರಲಿ, ಮಕ್ಕಳು ಹೊರಗೇ ಇರಬೇಕು. ಇವನ ಕೈಗವಸು ದಿನಾ ಮಾಯ. ಒಂದು ದಿನ ಬೂಟಿನೊಳಗೆ ಹಿಮ ತುಂಬಿದ್ದರು. ಈ ಚಳಿಯಲ್ಲಿ ಕೈಗವಸು ಬಚ್ಚಿಡುವುದು ತಮಾಷೆಯಲ್ಲ, ಮಗುವಿನ ಬೆರಳು ಮರಗಟ್ಟುತ್ತದೆ. ಫುಟ್‌ಬಾಲಿನಲ್ಲಿ ಇವನಿಗೆ ಯಾರೂ ಚೆಂಡು ಕೊಡುವುದಿಲ್ಲ. ಊಟಕ್ಕೆ ಕೂತರೆ ಟೇಬಲ್ಲೇ ಖಾಲಿ. ಸ್ನ್ಯಾಪ್‌ಚಾಟ್ ಗುಂಪಿನಿಂದ ತೆಗೆದುಹಾಕಿದರು. ನಾವು ಚಿಕ್ಕವರಿದ್ದಾಗ ಟೂ ಬಿಡುತ್ತಿದ್ದೆವಲ್ಲ, ಸಂಜೆಯೊಳಗೆ ರಾಜಿಯಾಗಿ ಮತ್ತೆ ಆಟಕ್ಕೆ ಓಡುತ್ತಿದ್ದೆವು. ಇಲ್ಲಿ ಇಡೀ ಕ್ಲಾಸು ಒಂದು ಮಗುವಿಗೆ ಒಂದೂವರೆ ವರ್ಷ ಟೂ ಬಿಟ್ಟಿದೆ.

ಆಮೇಲೆ ಈಜು ಪಾಠ. ಇಲ್ಲಿ ಈಜು ಎಲ್ಲ ಮಕ್ಕಳಿಗೂ ಕಡ್ಡಾಯ. ಕೊಳಕ್ಕೆ ಇಳಿಯುವ ಮೊದಲು ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡಬೇಕು, ಎಲ್ಲರೂ ಒಂದೇ ಕೋಣೆಯಲ್ಲಿ. ಒಳ್ಳೆಯ ಪದ್ಧತಿಯೇ, ಮೈಯ ಬಗ್ಗೆ ನಾಚಿಕೆ ಇಲ್ಲದೆ ಬೆಳೆಯುತ್ತಾರೆ. ಆದರೆ ಗುಂಪಿನ ಕಣ್ಣಿಗೆ ಬಿದ್ದ ಮಗುವಿಗೆ ಅದಕ್ಕಿಂತ ದೊಡ್ಡ ನರಕ ಇಲ್ಲ. ಈಜಿನ ದಿನ ಬೆಳಗ್ಗೆ ಇವನು ವಾಂತಿ ಮಾಡುತ್ತಿದ್ದನಂತೆ.

ನನಗೆ ಈ ದೇಶದ ಮೇಲೆ ಎಷ್ಟು ಪ್ರೀತಿ ಅಂತ ನಿಮಗೆ ಗೊತ್ತು. ಈಗ ನವೆಂಬರ್. ಸೂರ್ಯ ಹುಟ್ಟುವಾಗ ಹತ್ತು ಗಂಟೆ, ನಾಲ್ಕೂವರೆಗೆಲ್ಲ ಮತ್ತೆ ಕತ್ತಲೆ. ಆ ಕತ್ತಲೆಯಲ್ಲೇ ಆರು ವರ್ಷದ ಮಕ್ಕಳು ಜಾಕೆಟ್ಟಿಗೆ ಮಿನುಗುವ ಪಟ್ಟಿ ಸಿಕ್ಕಿಸಿಕೊಂಡು ಅವರ ಪಾಡಿಗೆ ನಡೆದು ಶಾಲೆಗೆ ಹೋಗುತ್ತಾರೆ. ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ, ದೇಶದ ಅಧ್ಯಕ್ಷರನ್ನೂ ಹಾಗೆಯೇ. 2024ರಿಂದ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಚಿತ. ಹಸುಗೂಸುಗಳು ಕೆಫೆಯ ಹೊರಗೆ ತಳ್ಳುಗಾಡಿಯಲ್ಲಿ ಬೆಚ್ಚಗೆ ಮಲಗಿರುತ್ತವೆ, ಯಾರೂ ಕದ್ದೊಯ್ಯುವುದಿಲ್ಲ. ಮಕ್ಕಳನ್ನು ಇಷ್ಟು ನಂಬುವ ಊರು ನಾನು ಬೇರೆ ಕಂಡಿಲ್ಲ. ಅದಕ್ಕೇ ನನಗೆ ಜಾಸ್ತಿ ಸಿಟ್ಟು. ಏನೂ ಇಲ್ಲದ ಕಡೆ ಹೀಗಾದರೆ ಅರ್ಥವಾಗುತ್ತದೆ. ಇಲ್ಲಿ ಎಲ್ಲವೂ ಇದೆ.

ಕಾನೂನೂ ಇದೆ. ಕಾಟವನ್ನು ತಡೆಯುವುದು ಹೇಗೆ, ಆದಾಗ ಏನು ಮಾಡಬೇಕು ಅಂತ ಪ್ರತಿ ಶಾಲೆಯೂ ಬರೆದಿಟ್ಟುಕೊಳ್ಳಬೇಕು. ಶಾಲೆಯಲ್ಲಿ ಬಗೆಹರಿಯದಿದ್ದರೆ ನೋಡಲು ಸರ್ಕಾರದ ತಜ್ಞರ ಸಮಿತಿ ಇದೆ. ಮಕ್ಕಳ ಪರವಾಗಿ ಮಾತಾಡಲೆಂದೇ 1995ರಿಂದ ಒಬ್ಬ ಒಂಬುಡ್ಸ್‌ಮನ್ ಇದ್ದಾರೆ. ಶಿಶುವಿಹಾರಗಳಲ್ಲಿ ಬ್ಲೈರ್ ಅನ್ನುವ ನೇರಳೆ ಬಣ್ಣದ ಗೊಂಬೆ ಕರಡಿಯನ್ನು ಇಟ್ಟುಕೊಂಡು ಗೆಳೆತನ ಕಲಿಸುತ್ತಾರೆ. ನನ್ನ ಮಗಳೂ ಅದನ್ನು ತಬ್ಬಿಕೊಂಡೇ ಬೆಳೆದವಳು. ನವೆಂಬರ್ 8 ಬಂತೆಂದರೆ ಕಾಟದ ವಿರುದ್ಧದ ದಿನ. ಮೊನ್ನೆ ತಾನೇ ಆಚರಿಸಿದರು. ಮಕ್ಕಳೆಲ್ಲ ಕೈ ಕೈ ಹಿಡಿದು ಹಾಡಿದರು. ಆ ಹುಡುಗನೂ ಸಾಲಿನಲ್ಲಿ ನಿಂತಿದ್ದ. ಅದೇ ವಾರ ಅವನ ಶಾಲೆ ಬದಲಿಸುವ ಮಾತು ನಡೆಯುತ್ತಿತ್ತು.

ಶಾಲೆಯವರು ಸುಮ್ಮನೆ ಇರಲಿಲ್ಲ, ಒಪ್ಪುತ್ತೇನೆ. ಮೀಟಿಂಗ್ ಮಾಡಿದರು, ಇನ್ನೊಂದು ಮೀಟಿಂಗ್ ಮಾಡಿದರು. ಪ್ರತಿ ಸಲವೂ ಕರೆದದ್ದು ಇವನ ಅಪ್ಪ ಅಮ್ಮನನ್ನು. ಇವನಿಗೆ ಕೌನ್ಸೆಲಿಂಗ್ ಆಯಿತು. ಗೆಳೆಯರನ್ನು ಮಾಡಿಕೊಳ್ಳುವುದು ಹೇಗೆ ಅಂತ ಇವನಿಗೇ ಪಾಠ ಆಯಿತು. ಕೊನೆಗೆ ಹೊಸ ಶಾಲೆಯ ಸಲಹೆಯೂ ಇವನಿಗೇ.

ಯಾಕೆ ಹೀಗೆ ಅಂದರೆ, ನನಗೆ ಕಾಣುವ ಕಾರಣ ಊರು ಸಣ್ಣದು. ಇಡೀ ದೇಶದ ಜನಸಂಖ್ಯೆ ನಾಲ್ಕು ಲಕ್ಷ ಮುಟ್ಟಿಲ್ಲ, ನಮ್ಮ ಮೈಸೂರಿನ ಅರ್ಧ ಕೂಡ ಆಗುವುದಿಲ್ಲ. ಕಾಟ ಕೊಟ್ಟ ಹುಡುಗನ ಅಪ್ಪ ನಿಮ್ಮ ಮಗಳ ಹ್ಯಾಂಡ್‌ಬಾಲ್ ಕೋಚ್ ಆಗಿರುತ್ತಾನೆ. ಅವನ ಚಿಕ್ಕಮ್ಮ ನಿಮ್ಮ ಹಲ್ಲಿನ ಡಾಕ್ಟರ್. ನಾಳೆ ಅದೇ ತೊಟ್ಟಿಯಲ್ಲಿ ಎದುರುಬದುರು ಕೂರಬೇಕು. ಯಾರಿಗೆ ಬೇಕು ನಿಷ್ಠುರ? ಹೊರಗಿನಿಂದ ಬಂದ ಕುಟುಂಬಕ್ಕೆ ಅಂಥ ನೆಂಟಸ್ತಿಕೆ ಯಾವುದೂ ಇಲ್ಲ. ಅವರನ್ನು ಎಬ್ಬಿಸುವುದು ಸುಲಭ. ಇಲ್ಲಿ ಐದಾರು ಜನರಲ್ಲಿ ಒಬ್ಬರು ನಮ್ಮಂತೆ ಬೇರೆ ದೇಶದವರು, ಅವರಲ್ಲಿ ಪೋಲೆಂಡಿನವರೇ ಹೆಚ್ಚು. ಇವರೆಲ್ಲರ ಮಕ್ಕಳನ್ನೂ ಹೀಗೆ ಶಾಲೆಯಿಂದ ಶಾಲೆಗೆ ಕಳಿಸುತ್ತಾ ಹೋಗುತ್ತಾರಾ? ರೇಕ್ಯಾವಿಕ್‌ನಲ್ಲಾದರೂ ಇನ್ನೊಂದು ಶಾಲೆ ಇದೆ. ಕರಾವಳಿಯ ಮೀನುಗಾರರ ಊರುಗಳಲ್ಲಿ ಇರುವುದೇ ಒಂದು ಶಾಲೆ. ಅಲ್ಲಿನ ಮಗು ಎಲ್ಲಿಗೆ ಹೋಗಬೇಕು?

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲ ಕಣೇ, ಅವನೂ ತಿರುಗಿಸಿ ನಾಲ್ಕು ಬಿಡಬೇಕಿತ್ತು" ಅಂದಳು. ಇಲ್ಲಿನವರು ಅದನ್ನೇ ಮೆತ್ತಗೆ ಹೇಳುತ್ತಾರೆ, ಮಕ್ಕಳ ಜಗಳ ಮಕ್ಕಳೇ ಬಗೆಹರಿಸಿಕೊಳ್ಳಲಿ ಅಂತ. ಇಬ್ಬರು ಸಮಾನರು ಜಗಳವಾಡಿದರೆ ಆ ಮಾತು ಸರಿ. ಇಪ್ಪತ್ತು ಜನ ಒಂದು ಕಡೆ, ಒಬ್ಬ ಇನ್ನೊಂದು ಕಡೆ ಇದ್ದರೆ ಅದು ಜಗಳವೇ ಅಲ್ಲ. ಡಾನ್ ಓಲ್ವೇಯಸ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ಅರ್ಧ ಶತಮಾನದ ಹಿಂದೆಯೇ ಹೇಳಿದ್ದಾರೆ. ಮತ್ತೆ ಮತ್ತೆ ನಡೆಯಬೇಕು, ಎದುರಿಸಲು ಆಗದಷ್ಟು ಬಲದ ವ್ಯತ್ಯಾಸ ಇರಬೇಕು, ಆಗ ಅದು ಕಾಟ. 1982ರಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ, ಬಹುಶಃ ಇಂಥ ಕಾಟ ತಾಳಲಾರದೆ, ಮೂವರು ಹುಡುಗರು ಜೀವ ಕಳೆದುಕೊಂಡರು. ಮುಂದಿನ ವರ್ಷ ಇಡೀ ದೇಶದ ಶಾಲೆಗಳಲ್ಲಿ ಅಭಿಯಾನ ಶುರುವಾಯಿತು. ಓಲ್ವೇಯಸ್ ಅವರ ವಿಧಾನ ಬೆಳೆದದ್ದು ಅಲ್ಲಿಂದ. ಐಸ್‌ಲ್ಯಾಂಡಿನ ಹಲವು ಶಾಲೆಗಳು 2002ರಿಂದಲೇ ಅದನ್ನು ಬಳಸಿವೆ. ಎಲ್ಲ ಗೊತ್ತಿರುವವರೇ "ಮಕ್ಕಳಲ್ವಾ, ಸರಿಹೋಗುತ್ತಾರೆ" ಅಂದರೆ ನನಗೆ ಕೇಳಿಸಿಕೊಳ್ಳಲು ಆಗುವುದಿಲ್ಲ.

ಶಾಲೆ ಬದಲಿಸಿದ ಮೇಲೆ ಕೆಲವು ಮಕ್ಕಳು ಚೆನ್ನಾಗಿ ಉಸಿರಾಡುತ್ತಾರೆ ಅನ್ನುವವರೂ ಇದ್ದಾರೆ. ನಿಜ. ಬೇರೆ ದಾರಿಯೇ ಇಲ್ಲದಾಗ ತಾಯಿ ತನ್ನ ಮಗುವನ್ನು ಎತ್ತಿಕೊಂಡು ಓಡಲೇಬೇಕು. ನಾನು ಆ ತಾಯಿಯನ್ನು ಒಂದು ಮಾತೂ ಅನ್ನುವುದಿಲ್ಲ. ನನ್ನ ಸಿಟ್ಟು ಅವರನ್ನು ಓಡುವಂತೆ ಮಾಡಿದವರ ಮೇಲೆ.

ಒಂದು ವಿಷಯ ಹೇಳಿಬಿಡುತ್ತೇನೆ. ಏಳನೇ ಕ್ಲಾಸಿನ ಮಧ್ಯದಲ್ಲಿ ಯಾಕೆ ಅರಸೀಕೆರೆಗೆ ಅಜ್ಜಿ ಮನೆಗೆ ಹೋದೆ ಅಂತ ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅಜ್ಜಿಗೆ ಹುಷಾರಿರಲಿಲ್ಲ ಅಂತಲೇ ಹೇಳುತ್ತಾ ಬಂದೆ. ಅಜ್ಜಿ ಗುಂಡುಕಲ್ಲಿನಂತೆ ಇದ್ದರು. ನನಗೆ ಆಗ ತೊದಲು ಇತ್ತು. ಪದ್ಯ ಹೇಳಲು ನಿಂತರೆ ಇಡೀ ಕ್ಲಾಸು ನನ್ನಂತೆಯೇ ತೊದಲುತ್ತಿತ್ತು. ಊಟದ ಹೊತ್ತಿನಲ್ಲಿ ಯಾರೂ ಪಕ್ಕ ಕೂರುತ್ತಿರಲಿಲ್ಲ. ಅಪ್ಪ ಹೋಗಿ ಕೇಳಿದ್ದಕ್ಕೆ ಹೆಡ್‌ಮಾಸ್ಟರು "ಟಿಸಿ ಕೊಡುತ್ತೇನೆ, ಕರೆದುಕೊಂಡು ಹೋಗಿ" ಅಂದರು. ಕೊಟ್ಟರು. ಹೊಸ ಶಾಲೆಯಲ್ಲಿ ಯಾರೂ ಕಾಟ ಕೊಡಲಿಲ್ಲ. ಆದರೆ ತಪ್ಪು ನನ್ನದೇ ಇರಬೇಕು, ಅದಕ್ಕೇ ನನ್ನನ್ನು ಕಳಿಸಿದರು ಅನ್ನುವುದು ತಲೆಯೊಳಗೆ ಕೂತುಬಿಟ್ಟಿತು. ಅದು ಹೋಗಲು ಎಷ್ಟೋ ವರ್ಷ ಬೇಕಾಯಿತು. ನಿನ್ನೆ ಆ ಹುಡುಗನ ತಾಯಿ "ಅವನಿಗೆ ಅದೇ ಒಳ್ಳೆಯದಂತೆ" ಅಂದಾಗ ನನಗೆ ಆ ಹೆಡ್‌ಮಾಸ್ಟರ ಕೋಣೆ ಕಣ್ಣ ಮುಂದೆ ಬಂತು. ಹಾಸನ ಜಿಲ್ಲೆಯ ಸರ್ಕಾರಿ ಶಾಲೆಗೂ ಉತ್ತರದ ಈ ಶ್ರೀಮಂತ ದ್ವೀಪಕ್ಕೂ ಈ ಒಂದು ವಿಷಯದಲ್ಲಿ ಏನೂ ವ್ಯತ್ಯಾಸ ಇಲ್ಲ.

ಮನೆಗೆ ಬಂದು ಮಗಳನ್ನು ಕೂರಿಸಿಕೊಂಡು ಕೇಳಿದೆ. "ಅಮ್ಮಾ, ನಾನೇನೂ ಮಾಡಿಲ್ಲ. ನಾನು ಸುಮ್ನೆ ಇದ್ದೆ" ಅಂದಳು. ಸತ್ಯವನ್ನೇ ಹೇಳಿದಳು. ಕ್ಲಾಸಿನ ಮುಕ್ಕಾಲು ಭಾಗ ಸುಮ್ಮನೆಯೇ ಇತ್ತು. ಆ ಮೂವರಿಗೆ ಅಷ್ಟು ಸಾಕಾಗಿತ್ತು.

ಫಿನ್ಲೆಂಡಿನವರು ಹಿಡಿದಿರುವುದು ಇದನ್ನೇ. ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಮತ್ತು ಅವರ ತಂಡದವರು ಕೀವಾ ಅನ್ನುವ ಕಾರ್ಯಕ್ರಮ ಕಟ್ಟಿದರು. ಕಾಟ ಕೊಡುವವನಿಗೆ ಬೇಕಿರುವುದು ನೋಡುವ ಜನ, ಅವನಿಗೆ ಗುಂಪಿನಲ್ಲಿ ಮರ್ಯಾದೆ ಸಿಗುವುದೇ ಅವರಿಂದ ಅನ್ನುವುದು ಅವರ ಲೆಕ್ಕ. ಹಾಗಾಗಿ ಸುಮ್ಮನೆ ನೋಡುವ ಮಕ್ಕಳ ಜೊತೆ ಇಡೀ ವರ್ಷ ಪಾಠದಂತೆ ಕೆಲಸ ಮಾಡುತ್ತಾರೆ. ಪ್ರಕರಣ ಬಂದರೆ ಕಾಟ ಕೊಟ್ಟವರನ್ನು ಕೂರಿಸಿ ಮಾತಾಡುತ್ತಾರೆ. ಜೊತೆಗೆ ಕ್ಲಾಸಿನಲ್ಲಿ ಎಲ್ಲರೂ ಇಷ್ಟಪಡುವ ಕೆಲವು ಮಕ್ಕಳನ್ನು ಕರೆದು, ನೊಂದ ಮಗುವಿನ ಜೊತೆ ನಿಲ್ಲಲು ಕೇಳುತ್ತಾರೆ. ಮಗು ಇದ್ದ ಕಡೆಯೇ ಇರುತ್ತದೆ, ಬದಲಾಗಬೇಕಾದದ್ದು ಸುತ್ತಲಿನ ಗುಂಪು.

ಇಲ್ಲಿ ಇದು ಆಗದ ಮಾತು ಅಂತ ಯಾರೂ ನನಗೆ ಹೇಳಬೇಡಿ. ಈ ದೇಶ ಇದಕ್ಕಿಂತ ಕಷ್ಟದ್ದನ್ನು ಮಾಡಿ ತೋರಿಸಿದೆ. 1998ರಲ್ಲಿ ಇಲ್ಲಿನ 15-16 ವರ್ಷದ ಮಕ್ಕಳಲ್ಲಿ 42 ಶೇಕಡಾ ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದೆವು ಅಂದಿದ್ದರು. 2016ರ ಹೊತ್ತಿಗೆ ಅದು 5 ಶೇಕಡಾಕ್ಕೆ ಇಳಿಯಿತು. ಇದಕ್ಕೆ ಕುಡಿದ ಮಗುವನ್ನು ಬೇರೆ ಊರಿಗೆ ಕಳಿಸಲಿಲ್ಲ. ದೊಡ್ಡವರು ತಾವು ಬದಲಾದರು. ಶುಕ್ರವಾರ ರಾತ್ರಿ ಅಪ್ಪ ಅಮ್ಮಂದಿರು ಗುಂಪು ಕಟ್ಟಿಕೊಂಡು ಬೀದಿ ಸುತ್ತಿದರು. ಚಳಿಗಾಲದಲ್ಲಿ 12 ವರ್ಷದವರೆಗಿನ ಮಕ್ಕಳು ರಾತ್ರಿ ಎಂಟರ ನಂತರ, 13ರಿಂದ 16ರವರು ಹತ್ತರ ನಂತರ ಒಬ್ಬೊಬ್ಬರೇ ಹೊರಗೆ ಇರಬಾರದು ಅನ್ನುವ ನಿಯಮವನ್ನು ನಿಜವಾಗಿಯೂ ಪಾಲಿಸಿದರು. ಆಟಕ್ಕೆ, ಸಂಗೀತಕ್ಕೆ ಊರಾಡಳಿತ ದುಡ್ಡು ಕೊಟ್ಟಿತು. ರೇಕ್ಯಾವಿಕ್‌ನಲ್ಲಿ ಈಗಲೂ 6ರಿಂದ 18 ವರ್ಷದ ಪ್ರತಿ ಮಗುವಿಗೆ ಅದು ಸಿಗುತ್ತದೆ, ನನ್ನ ಮಗಳ ಹ್ಯಾಂಡ್‌ಬಾಲ್ ಫೀಸಿಗೂ ಅದೇ ದುಡ್ಡು. ಎಲ್ಲ ಮಕ್ಕಳೂ ನಮ್ಮ ಮಕ್ಕಳು ಅಂತ ಆಗ ಬೀದಿಗೆ ಇಳಿದವರಿಗೆ ಈಗ ಒಂದು ಕ್ಲಾಸಿನ ಮೂರು ಮನೆಯ ಬಾಗಿಲು ತಟ್ಟಲು ಆಗುವುದಿಲ್ಲವಾ?

ನಾನು ಕೆಲಸ ಮಾಡುವ ಕೇಂದ್ರದಲ್ಲಿ ಒಂದರಿಂದ ನಾಲ್ಕನೇ ಕ್ಲಾಸಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಬರುತ್ತಾರೆ. ದಿನಾ ನೋಡುತ್ತೇನೆ. ಒಂದು ಹುಡುಗಿ ಲೆಗೊ ಟೇಬಲ್ಲಿನಿಂದ ಇನ್ನೊಬ್ಬಳನ್ನು ಮೊಣಕೈಯಿಂದ ತಳ್ಳುತ್ತಾಳೆ. ನಾನು ಹೋಗಿ ಮಧ್ಯೆ ಕೂರುತ್ತೇನೆ. ಇಬ್ಬರಿಗೂ ಒಂದೇ ಮನೆ ಕಟ್ಟಲು ಕೊಡುತ್ತೇನೆ. ಆರು ವರ್ಷದವರಿಗೆ ಹತ್ತು ನಿಮಿಷ ಸಾಕು. ಕಾಟ ಕೊಡುವುದೂ ಮಗುವೇ, ಅದನ್ನು ದ್ವೇಷಿಸಿ ಅಂತ ನಾನು ಹೇಳುತ್ತಿಲ್ಲ. ಆ ಮೂವರು ಹುಡುಗರ ಜೊತೆ ಒಂದೂವರೆ ವರ್ಷದಲ್ಲಿ ಯಾವ ದೊಡ್ಡವರೂ ಹೀಗೆ ಮಧ್ಯೆ ಹೋಗಿ ಕೂರಲಿಲ್ಲ. ಅವರಿಗೂ ಅನ್ಯಾಯವೇ ಆಗಿದೆ.

ಗುರುವಾರ ಕ್ಲಾಸಿನ ಪೋಷಕರ ಸಭೆ ಇದೆ. ವಿಷಯಪಟ್ಟಿಯಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ ಇದೆ, ವಸಂತದ ಪ್ರವಾಸ ಇದೆ, ಆ ಹುಡುಗ ಇಲ್ಲ. ನನ್ನ ಐಸ್‌ಲ್ಯಾಂಡಿಕ್ ಇನ್ನೂ ಪೂರ್ತಿ ಆಗಿಲ್ಲ, ಸಿಟ್ಟು ಬಂದರೆ ಹಳೆಯ ತೊದಲೂ ಬರುತ್ತದೆ. ಅದಕ್ಕೇ ಬರೆದಿಟ್ಟುಕೊಂಡಿದ್ದೇನೆ. ಆ ಮೂರು ಮನೆಯವರನ್ನು ಒಂದು ಸಲವಾದರೂ ಒಟ್ಟಿಗೆ ಕೂರಿಸಿದ್ದೀರಾ? ನಮ್ಮ ಮಕ್ಕಳೆಲ್ಲ ಸುಮ್ಮನೆ ನೋಡುತ್ತಿದ್ದಾರೆ ಅಂತ ನಮಗೆ ಯಾಕೆ ತಿಳಿಸಲಿಲ್ಲ? ಅವನು ವಾಪಸ್ ಬರಬೇಕು ಅಂದರೆ ಈ ಕ್ಲಾಸಿನಲ್ಲಿ ಏನು ಬದಲಾಗಬೇಕು, ಯಾರು ಬದಲಿಸುತ್ತಾರೆ, ಯಾವಾಗಿನೊಳಗೆ?

ಬೆಂಗಳೂರು, ಮೈಸೂರು, ದುಬೈ, ನ್ಯೂಜೆರ್ಸಿ, ಎಲ್ಲೇ ಇರಿ, ನಿಮ್ಮ ಮಕ್ಕಳ ಶಾಲೆಯಲ್ಲಿ ನೊಂದ ಮಗುವನ್ನು ಕಳಿಸದೆ ಸರಿಮಾಡಿದ್ದು ನೀವು ನೋಡಿದ್ದರೆ ಹೇಗೆ ಮಾಡಿದರು ಅಂತ ಬರೆಯಿರಿ. ಗುರುವಾರದೊಳಗೆ ಬೇಕು.